ತಕ್ಕಡಿಯವನು ಮುಟ್ಟದ ಲಕೋಟೆ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ಕೌಟುಂಬಿಕ ನ್ಯಾಯಾಲಯದ ಜಗಲಿಯಲ್ಲಿ ಮೂವತ್ತೊಂದು ವರ್ಷ ಟೈಪು ಮಾಡಿದ ಹೆಂಗಸು. ಹೇಳಿದ್ದು ಮೂರು ವರ್ಷದ ಹಿಂದೆ, ಒಂದು ಗುರುವಾರ ಮಧ್ಯಾಹ್ನ. ಅಂದು ನ್ಯಾಯಾಧೀಶರು ಬರುವುದಿಲ್ಲವೆಂದು ತಿಳಿದ ಮೇಲೂ ಜನ ಮುಂದಿನ ತಾರೀಕಿನ ಚೀಟಿಗಾಗಿ ಕಾದು ಕುಳಿತಿದ್ದರು. ಕೇಳಿದವರು ನನ್ನನ್ನು ಬಿಟ್ಟು ಏಳು ಮಂದಿ. ಆಮೇಲೆ ಇದೇ ಕತೆಯನ್ನು ಒಬ್ಬ ಕ್ಷೌರಿಕನ ಬಾಯಲ್ಲಿಯೂ ಒಬ್ಬ ವಕೀಲರ ಬಾಯಲ್ಲಿಯೂ ಕೇಳಿದ್ದೇನೆ. ಕ್ಷೌರಿಕನ ಪಾಠದಲ್ಲಿ ಕ್ಷೌರಿಕನೇ ನಾಯಕ. ವಕೀಲರ ಪಾಠದಲ್ಲಿ ಕತೆ ಇನ್ನೂ ಮುಗಿದಿಲ್ಲ. ಆದ್ದರಿಂದ ಟೈಪಿಸ್ಟಳ ಪಾಠವನ್ನೇ ಮೂಲವೆಂದು ಹಿಡಿದು, ಬೇರೆಯವರು ಎಲ್ಲಿ ಭಿನ್ನವಾಗಿ ಹೇಳಿದರೋ ಅಲ್ಲಿ ಅದನ್ನು ಸೂಚಿಸಿದ್ದೇನೆ.

ಒಂದು ಊರಿನಲ್ಲಿ ಒಬ್ಬ ತಕ್ಕಡಿ ರಿಪೇರಿಯವನಿದ್ದ. ಅಂಗಡಿಗಳ ತಕ್ಕಡಿ ತಂದು, ಮುಳ್ಳು ನೆಟ್ಟಗೆ ಮಾಡಿ, ತಟ್ಟೆ ತಿಕ್ಕಿ, ತನಿಖೆಯ ಅಧಿಕಾರಿ ಬಂದು ಸೀಸದ ಮುದ್ರೆ ಒತ್ತುವ ಮಟ್ಟಕ್ಕೆ ತಂದುಕೊಡುವುದು ಅವನ ಕಸುಬು. ಎರಡು ಕಡೆಯೂ ಸಮ ಇರಬೇಕೆಂಬುದು ಅವನಿಗೆ ಹುಟ್ಟಿನಿಂದ ಅಂಟಿದ ಗುಣ. ಇಬ್ಬರಿಗೆ ಚಹಾ ಹಂಚಿದರೆ ಲೋಟಗಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಿದ್ದ. ನೋಡುವಷ್ಟರಲ್ಲಿ ಚಹಾ ಆರುತ್ತಿತ್ತು. ಅಂಥವನ ಸಂಸಾರವೇ ಒಂದು ಕಡೆಗೆ ವಾಲಿತು. ಗಂಡ ಒಳ್ಳೆಯವನು, ಹೆಂಡತಿಯೂ ಒಳ್ಳೆಯವಳು. ಇಬ್ಬರು ಒಳ್ಳೆಯವರು ಒಂದೇ ಸೂರಿನಡಿ ಇರುವುದು ಎಷ್ಟು ಕಷ್ಟವೆಂದು ಆ ಜಗಲಿಯಲ್ಲಿ ಕುಳಿತವರಿಗೆ ವಿವರಿಸಬೇಕಾಗಿರಲಿಲ್ಲ.

ಇಬ್ಬರಿಗೂ ಒಬ್ಬಳೇ ಮಗಳು. ನ್ಯಾಯಾಲಯವು ಮಗುವನ್ನು ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಾಯಿಗೆ ಕೊಟ್ಟು, ತಂದೆಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ, ಗುಮಾಸ್ತೆಯ ಕಣ್ಣೆದುರಿಗೆ ಅವಳನ್ನು ನೋಡುವ ಹಕ್ಕನ್ನು ಕೊಟ್ಟಿತು. ತಕ್ಕಡಿಯವನು ಲೆಕ್ಕ ಹಾಕಿದ. ವಾರಕ್ಕೆ ನೂರ ಅರವತ್ತೆಂಟು ಗಂಟೆ. ಅದರಲ್ಲಿ ತನ್ನ ಪಾಲು ಹೆಚ್ಚುಕಡಿಮೆ ಒಂದು. ಇಷ್ಟು ವಾಲಿದ ತಕ್ಕಡಿಯನ್ನು ಅವನು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಮರುದಿನವೇ ‘ಸಮಪಾಲು ಪೋಷಕರ ಸಂಘ’ ಹುಟ್ಟಿತು.

ಸಂಘಕ್ಕೆ ಕಾರ್ಯದರ್ಶಿ ಅವನ ಅಂಗಡಿಯ ಮೇಲುಮಾಳಿಗೆಯಲ್ಲಿದ್ದ ಕಲಮು ಮಾಮ. ಕೋರ್ಟಿನ ದಫ್ತರಖಾನೆಯಿಂದ ನಿವೃತ್ತರಾದ ಇವರು ಮಾತಿಗೊಂದು ಕಾನೂನಿನ ಕಲಮು ಹೇಳುತ್ತಿದ್ದುದರಿಂದ ಆ ಹೆಸರು. ಉಪಾಧ್ಯಕ್ಷ ಎದುರಂಗಡಿಯ ಕ್ಷೌರಿಕ. ಅವನಿಗೆ ಮದುವೆಯೇ ಆಗಿರಲಿಲ್ಲ. ‘ನಿನಗೇಕಪ್ಪ ಪೋಷಕರ ಸಂಘ?’ ಎಂದವರಿಗೆ ಅವನು, ‘ವಾರಕ್ಕೆ ಐವತ್ತು ಜನ ಅಪ್ಪಂದಿರ ತಲೆ ನನ್ನ ಕೈಲಿರುತ್ತೆ. ಅವರ ಕಷ್ಟ ನನಗಲ್ಲದೆ ಇನ್ಯಾರಿಗೆ ಗೊತ್ತು?’ ಎನ್ನುತ್ತಿದ್ದ.

ಸಂಘ ಎರಡು ವರ್ಷ ಅರ್ಜಿ ಬರೆಯಿತು. ಕೊನೆಗೆ ಕುಟುಂಬ ಕಾನೂನು ಸುಧಾರಣಾ ಸಮಿತಿಯೊಂದು ಊರೂರು ಸುತ್ತುತ್ತ ಈ ಊರಿಗೂ ಬರುವುದಾಗಿ ಉತ್ತರ ಬಂತು. ದಿನ ಎರಡನೆಯ ಶನಿವಾರ. ಸ್ಥಳ ಅದೇ ನ್ಯಾಯಾಲಯದ ಮಹಡಿ. ತಕ್ಕಡಿಯವನಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಹತ್ತು ನಿಮಿಷ. ಮಗಳ ಎರಡು ಗಂಟೆ ಮುಗಿಸಿ ಮಹಡಿ ಹತ್ತಿದರಾಯಿತು ಎಂದು ಅವನು ಹಿಗ್ಗಿದ.

ಆ ಶನಿವಾರ ಅವನಿಗೆ ಇನ್ನೊಂದು ಕಾರಣಕ್ಕೂ ದೊಡ್ಡದಾಗಿತ್ತು. ಹಿಂದಿನ ಭೇಟಿಯಲ್ಲಿ ಮಗಳು ಬಾಯಿ ತೆರೆದು, ಕೆಳಗಿನ ಸಾಲಿನ ಒಂದು ಹಲ್ಲನ್ನು ನಾಲಗೆಯಿಂದ ಅಲ್ಲಾಡಿಸಿ ತೋರಿಸಿದ್ದಳು. ಅವಳಿಗೆ ಎಂಟು ವರ್ಷ. ಇದುವರೆಗೆ ಬಿದ್ದ ಹಲ್ಲುಗಳಲ್ಲಿ ಒಂದೂ ಅಪ್ಪನ ಎದುರಿಗೆ ಬಿದ್ದಿರಲಿಲ್ಲ. ಅವು ಶಾಲೆಯಲ್ಲಿ, ಊಟದ ತಟ್ಟೆಯಲ್ಲಿ, ನಿದ್ದೆಯಲ್ಲಿ, ಎಂದರೆ ಅವನ ಪಾಲಿಗೆ ಬಾರದ ಗಂಟೆಗಳಲ್ಲಿಯೇ ಬಿದ್ದಿದ್ದವು. ‘ಇದೊಂದನ್ನ ನಿನಗೇ ಇಟ್ಟಿರ್ತೀನಿ ಅಪ್ಪ’ ಎಂದಿದ್ದಳು.

ಇನ್ನು ಅನಾಹುತಕ್ಕೆ ಕಾರಣವಾದ ವಸ್ತು. ಅದು ಒಂದು ಲಕೋಟೆ. ಕಂದು ಬಣ್ಣದ್ದು, ಉದ್ದನೆಯದು, ಬಾಯಿ ಮಡಿಸಿದ್ದು. ಅದರೊಳಗೆ ಏನಿದೆಯೆಂದು ಅಂದು ಬೆಳಿಗ್ಗೆ ಬಲ್ಲವರು ಜಗತ್ತಿನಲ್ಲಿ ಇಬ್ಬರೇ.

ಎಂಟು ಗಂಟೆಗೆ ತಕ್ಕಡಿಯವನು ಅರ್ಧ ತೆರೆದ ಷಟರಿನ ಕೆಳಗೆ ಕುಳಿತು, ಸಮಿತಿಯ ಮುಂದೆ ತೋರಿಸಬೇಕೆಂದಿದ್ದ ಒಂದು ಚಿಕ್ಕ ಕೈತಕ್ಕಡಿಯನ್ನು ಉಜ್ಜುತ್ತಿದ್ದ. ಮೇಲಿನಿಂದ ಕಲಮು ಮಾಮನ ಕೂಗು ಕೇಳಿತು.

‘ಏಯ್, ಬರ್ತಿದಾಳೆ ಕಣಯ್ಯ! ಕೈಯಲ್ಲಿ ಲಕೋಟೆ ಇದೆ! ಮುಟ್ಟಬೇಡ!’

‘ಯಾರು ಮಾಮ?’

‘ಇನ್ಯಾರು, ನಿನ್ನ ಮಾಜಿ! ಇವತ್ತಿನ ದಿನಾನೇ ಲಕೋಟೆ ತರ್ತಾಳೆ ಅಂದ್ರೆ ಏನು? ನೋಟಿಸು! ನಿನಗಿರೋ ಎರಡು ಗಂಟೇನೂ ಕಿತ್ತುಕೊಳ್ಳೋ ನೋಟಿಸು! ಕೈಗೆ ತಗೊಂಡ್ಯೋ, ಜಾರಿಯಾಯ್ತು. ತಗೊಳ್ಳದೆ ಇದ್ರೆ ದೇವರು ಬಂದ್ರೂ ಜಾರಿ ಮಾಡೋಕಾಗಲ್ಲ!’

ತಕ್ಕಡಿಯವನು ಷಟರನ್ನು ಎಳೆದುಕೊಂಡ, ತಾನು ಒಳಗಿರುವಂತೆಯೇ. ಹೊರಗೆ ಚಪ್ಪಲಿ ಸದ್ದು ನಿಂತಿತು.

‘ರೀ, ಒಳಗಿದೀರಿ ಅಂತ ಗೊತ್ತು. ಷಟರ್ ತೆಗೀರಿ.’ ವಿಚ್ಛೇದನವಾಗಿ ಎರಡು ವರ್ಷವಾದರೂ ಆಕೆ ‘ರೀ’ ಅನ್ನುವುದನ್ನು ಬಿಟ್ಟಿರಲಿಲ್ಲ. ತೀರ್ಪಿನಲ್ಲಿ ಅದರ ಪ್ರಸ್ತಾಪವಿರಲಿಲ್ಲ. ‘ಓದಿ ಒಂದು ಸಹಿ ಹಾಕಿದ್ರೆ ಮುಗೀತು.’

‘ನನ್ನ ಸಹಿ ನನ್ನ ಹತ್ರಾನೇ ಇರುತ್ತೆ!’

‘ಅಯ್ಯೋ, ಕೇಳಿಸ್ಕೊಳ್ರೀ ಸ್ವಲ್ಪ. ನನ್ನ ಡ್ಯೂಟಿ ಬದಲಾಗಿದೆ, ಅದಕ್ಕೇ ಮಗೂನ…’

‘ಕೇಳಿಸ್ಕೋಬೇಡ!’ ಎಂದು ಮೇಲಿನಿಂದ ಮಾಮ ಅಬ್ಬರಿಸಿದರು. ‘ಬಾಯಿಮಾತಿನ ನೋಟಿಸೂ ನೋಟಿಸೇ!’

ತಕ್ಕಡಿಯವನು ಎರಡು ಕೈಯಲ್ಲಿಯೂ ಒಂದೊಂದು ಕಿಲೋ ತೂಕದ ಕಲ್ಲು ಹಿಡಿದು ತಗಡಿನ ಮೇಜನ್ನು ಬಡಿಯತೊಡಗಿದ. ಮಗುವಿನ ವಿಷಯ, ಡ್ಯೂಟಿಯ ವಿಷಯ ಎಲ್ಲವೂ ಆ ಸದ್ದಿನಲ್ಲಿ ಕರಗಿಹೋದವು. ಆಕೆ ಷಟರಿನ ಅಡಿಯಿಂದ ಲಕೋಟೆಯನ್ನು ತೂರಿಸಿದಳು. ಅವನು ಅಳತೆಕೋಲಿನ ತುದಿಯಿಂದ ಅದನ್ನು ಹೊರಗೆ ತಳ್ಳಿದ. ಮತ್ತೆ ಒಳಗೆ ಬಂತು; ಮತ್ತೆ ಹೊರಗೆ ಹೋಯಿತು. ಮರದ ಕೋಲಿನಿಂದ ತಳ್ಳಿದರೆ ಅದು ಮುಟ್ಟಿದಂತಲ್ಲವೆಂದು ಮಾಮ ಮೇಲಿನಿಂದಲೇ ಕಲಮು ಸಮೇತ ಅಪ್ಪಣೆ ಕೊಟ್ಟರು.

‘ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಎಂದು ಗೊಣಗಿ ಆಕೆ ಹೊರಟುಹೋದಳು.

ಶತ್ರು ಹಿಮ್ಮೆಟ್ಟಿದ ಮೇಲೆ ತಕ್ಕಡಿಯವನು ರಸ್ತೆ ದಾಟಿ ಕ್ಷೌರಿಕನ ಕುರ್ಚಿಯಲ್ಲಿ ಕುಳಿತ. ಕಲಮು ಮಾಮನೂ ಹಿಂದೆಯೇ ಬಂದರು. ಅಲ್ಲಿ ಹೊಸ ತಕರಾರು ಎದ್ದಿತು.

‘ಗಡ್ಡ ತೆಗೀಬೇಡ. ಮಗಳನ್ನ ಕಳಕೊಂಡ ಅಪ್ಪ ಅಂದ್ರೆ ಗಡ್ಡ ಇರಬೇಕು. ನೋಡಿದ ಕೂಡಲೆ ಸಮಿತಿಯವರ ಕರುಳು ಚುರ್ ಅನ್ನಬೇಕು’ ಎಂದರು ಮಾಮ.

‘ಏನ್ ಮಾಮ ನೀವು! ಗಡ್ಡ ಬಿಟ್ಟವನ ಕೈಗೆ ಯಾರು ಮಗು ಕೊಡ್ತಾರೆ? ನೀಟಾಗಿ ಶೇವ್ ಮಾಡಿದ್ರೆ ಜವಾಬ್ದಾರಿ ಇರೋನು ಅಂತ ಗೊತ್ತಾಗುತ್ತೆ. ಅಣ್ಣ, ತಲೆ ಎತ್ತಿ’ ಎಂದ ಕ್ಷೌರಿಕ.

‘ಕರುಳು!’

‘ಜವಾಬ್ದಾರಿ!’

ಈ ವಾದ ನಡೆಯುತ್ತಿರುವಾಗಲೇ ಕ್ಷೌರಿಕನು ಒಂದು ಕೆನ್ನೆಯನ್ನು ಕನ್ನಡಿಯಂತೆ ನುಣುಪು ಮಾಡಿ ಮುಗಿಸಿದ್ದ. ಇನ್ನೊಂದು ಕೆನ್ನೆಗೆ ನೊರೆ ಹಚ್ಚಿ ಕತ್ತಿ ಎತ್ತುವಷ್ಟರಲ್ಲಿ ಕನ್ನಡಿಯೊಳಗೆ ಬಾಗಿಲು ಕಾಣಿಸಿತು. ಬಾಗಿಲಲ್ಲಿ ಆಕೆ ಕಾಣಿಸಿದಳು. ಆಕೆಯ ಕೈಯಲ್ಲಿ ಲಕೋಟೆ. ತಕ್ಕಡಿಯವನು ಕುರ್ಚಿಯಿಂದ ಚಿಮ್ಮಿ, ಕೊರಳಿನ ಬಿಳಿ ಬಟ್ಟೆಯ ಸಮೇತ ಹಿಂಬಾಗಿಲಿನಿಂದ ಓಡಿದ. ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಹೊರಡುವ ಇಲಿಯೂ ಅಷ್ಟು ಚುರುಕಾಗಿ ಓಡುವುದಿಲ್ಲವೆಂದು ಟೈಪಿಸ್ಟಳ ಮಾತು.

ಬೋಳಿಸಿದ ಕೆನ್ನೆ ಯಾವುದೆಂಬುದರಲ್ಲಿ ಭಿನ್ನಪಾಠವಿದೆ. ಟೈಪಿಸ್ಟಳು ಬಲವೆಂದಳು, ಕ್ಷೌರಿಕನು ಎಡವೆಂದ. ಕ್ಷೌರಿಕನು ಕನ್ನಡಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದಿರಬೇಕು.

ಹತ್ತು ಗಂಟೆಗೆ ಸರಿಯಾಗಿ, ಒಂದು ಕಡೆ ನುಣುಪು, ಇನ್ನೊಂದು ಕಡೆ ಗಡ್ಡದ ಮೇಲೆ ಒಣಗಿದ ನೊರೆ, ಬಗಲಲ್ಲಿ ತಕ್ಕಡಿ, ಹೀಗೆ ಅವನು ಮಕ್ಕಳ ಕೋಣೆಯ ಮುಂದೆ ನಿಂತ. ಅಲ್ಲಿ ಒಂದು ಪದ್ಧತಿಯಿತ್ತು. ತಾಯಿ ಮಗುವನ್ನು ಗುಮಾಸ್ತೆಗೆ ಒಪ್ಪಿಸಿ ಹೋಗಬೇಕು. ತಂದೆ ಗುಮಾಸ್ತೆಯಿಂದ ಪಡೆದುಕೊಳ್ಳಬೇಕು. ಇಬ್ಬರೂ ಎದುರುಬದುರಾಗಬಾರದೆಂದು ಎರಡು ಬಾಗಿಲು. ನಡುವೆ ಒಂದು ದೊಡ್ಡ ಪುಸ್ತಕ. ಅದರಲ್ಲಿ ‘ಸಂಖ್ಯೆ’, ‘ಸ್ಥಿತಿ’, ‘ಷರಾ’ ಎಂಬ ಮೂರು ಅಂಕಣ.

ಗುಮಾಸ್ತೆ ಕನ್ನಡಕದ ಮೇಲಿಂದ ಅವನ ಮುಖವನ್ನು ನೋಡಿದ. ಆ ಪುಸ್ತಕದಲ್ಲಿ ತಂದೆಯ ಸ್ಥಿತಿಗೆ ಅಂಕಣವಿರಲಿಲ್ಲವಾದ್ದರಿಂದ ಏನೂ ಕೇಳಲಿಲ್ಲ.

‘ಮಗು, ಒಂದು. ಸ್ಥಿತಿ, ಉತ್ತಮ. ಇಲ್ಲಿ ರುಜು ಹಾಕಿ. ಪಡೆದ ಸ್ಥಿತಿಯಲ್ಲೇ ವಾಪಸು ಒಪ್ಪಿಸಬೇಕು.’

‘ಸ್ವಾಮಿ, ಒಂದು ಹಲ್ಲು ಅಲ್ಲಾಡ್ತಿದೆ. ಇವತ್ತು ಬೀಳಬಹುದು.’

ಗುಮಾಸ್ತೆಯ ಲೇಖನಿ ನಿಂತಿತು. ‘ಹಾಗಾದ್ರೆ ಮೊದಲೇ ಹೇಳೋದಲ್ವಾ? ಆಮೇಲೆ ಲೆಕ್ಕಕ್ಕೆ ಒಂದು ಹಲ್ಲು ಕಮ್ಮಿ ಬಂದ್ರೆ ನಾನು ಯಾರಿಗೆ ಉತ್ತರ ಹೇಳಲಿ?’ ಎಂದು ಷರಾ ಅಂಕಣದಲ್ಲಿ, ‘ಹಲ್ಲು ಒಂದು, ಸಡಿಲ’ ಎಂದು ಬರೆದುಕೊಂಡ.

ಮಗಳು ಅಪ್ಪನನ್ನು ಕಂಡು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

‘ಅಪ್ಪ, ನಿನಗೆ ಮುಖ ಅರ್ಧಾನೇ ಸಿಕ್ತಾ?’

‘ಹೂಂ ಪುಟ್ಟಿ, ಕೋರ್ಟಿಗೆ ಬರೋ ಅಪ್ಪಂದಿರಿಗೆ ಎಲ್ಲಾನೂ ಅರ್ಧಾನೇ. ನೀನ್ಯಾಕೆ ಬಾಯಿ ಮುಚ್ಕೊಂಡು ನಗ್ತೀಯ?’

‘ನಕ್ಕರೆ ಬಿದ್ದುಹೋಗತ್ತೆ. ಬೆಳಿಗ್ಗೆಯಿಂದ ಬನ್ನೂ ತಿಂದಿಲ್ಲ. ನಿನಗೋಸ್ಕರ ನಾಲಗೇಲಿ ಹಿಡ್ಕೊಂಡಿದೀನಿ.’ ಅವಳು ಚೀಲದ ಜಿಪ್ಪು ಎಳೆದಳು. ‘ಅಪ್ಪ, ಇದು ಅಮ್ಮ ಕೊಟ್ಟಿದ್ದು. ನಿನ್ನ ಕೈಗೇ ಕೊಡಬೇಕಂತೆ.’

ಚೀಲದಿಂದ ಕಂದು ಲಕೋಟೆಯ ಮೂತಿ ಹೊರಬಂತು. ತಕ್ಕಡಿಯವನು ಹಾವು ಕಂಡವನಂತೆ ಗೋಡೆಗೆ ಒರಗಿ ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡ.

‘ಅದನ್ನ ಒಳಗಿಡು. ಒಳಗಿಡು ಕಂದ. ಅಪ್ಪ ಅದನ್ನ ಮುಟ್ಟಬಾರದು.’

‘ಯಾಕೆ? ಬಿಸಿ ಇದೆಯಾ?’

‘ತುಂಬಾ.’

ಅವಳು ಅದನ್ನು ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿರುವುದನ್ನು ಕಂಡು, ದೊಡ್ಡವರ ವಿಷಯವೆಂದು ಒಳಗಿಟ್ಟಳು. ಆಮೇಲೆ ಇಬ್ಬರೂ ಬೆಂಚಿನ ಮೇಲೆ ಕುಳಿತು ಹಲ್ಲಿನ ಪರಿಸ್ಥಿತಿಯನ್ನು ಚರ್ಚಿಸಿದರು. ಈಗ ಕಿತ್ತರೆ ಬೇಗ ಮುಗಿದುಹೋಗುತ್ತದೆ. ಹನ್ನೊಂದೂವರೆಗೆ, ಕತೆಯೆಲ್ಲ ಹೇಳಿ ಮುಗಿದ ಮೇಲೆ, ಅಪ್ಪ ಮೆಲ್ಲಗೆ ಬೆರಳಿಡುವುದು, ಅವಳು ಒಂದರಿಂದ ಐದು ಎಣಿಸುವುದು ಎಂದು ತೀರ್ಮಾನವಾಯಿತು. ಆ ತೀರ್ಮಾನದ ಸುಖದಲ್ಲಿ ತಕ್ಕಡಿಯವನು ಸಮಿತಿಯನ್ನೇ ಮರೆತ.

ಹತ್ತೂ ನಲವತ್ತಕ್ಕೆ ಕಲಮು ಮಾಮ ಏದುಸಿರು ಬಿಡುತ್ತ ಬಾಗಿಲಲ್ಲಿ ಕಾಣಿಸಿಕೊಂಡರು.

‘ಏಳಯ್ಯ, ಏಳು! ಮೇಲೆ ನಿನ್ನ ಹೆಸರು ಕೂಗ್ತಿದಾರೆ!’

‘ಹನ್ನೆರಡೂವರೆಗಲ್ವಾ ಮಾಮ?’

‘ಅದು ಹಳೇದು. ನಾನೇ ಹೇಳಿ ಮುಂಚೆ ಹಾಕಿಸ್ದೆ. ಮೊದಲು ಮಾತಾಡಿದವನ ಮಾತೇ ನಿಲ್ಲೋದು ಕಣಯ್ಯ. ಮಧ್ಯಾಹ್ನ ಆದ್ರೆ ಸಮಿತಿ ತೂಕಡಿಸುತ್ತೆ.’

‘ಮಗಳು ಇದಾಳಲ್ಲ ಮಾಮ! ಎರಡು ವಾರಕ್ಕೆ ಎರಡೇ ಗಂಟೆ…’

‘ಆ ಎರಡು ಗಂಟೇನ ವಾರಕ್ಕೆ ಎಂಬತ್ನಾಲ್ಕು ಮಾಡೋಕೇ ಅಲ್ವೇನಯ್ಯ ಕರೀತಿರೋದು! ಹತ್ತು ನಿಮಿಷದ ಕೆಲಸ. ಈಗ ಬರದಿದ್ರೆ ಗೈರುಹಾಜರಿ ಅಂತ ಬರ್ಕೋತಾರೆ.’

ಮಗುವನ್ನು ಮಹಡಿಗೆ ಕರೆದೊಯ್ಯಲು ಪುಸ್ತಕದಲ್ಲಿ ಅವಕಾಶವಿಲ್ಲವೆಂದ ಗುಮಾಸ್ತೆ. ಕೊನೆಗೆ ತಕ್ಕಡಿಯವನು ಅವಳನ್ನು ಬಾಗಿಲ ಬಳಿ ಜಗಲಿಯಲ್ಲಿದ್ದ ಟೈಪಿಸ್ಟಳ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ‘ಅಕ್ಕಾ, ಸ್ವಲ್ಪ ನೋಡ್ಕೊಳ್ಳಿ’ ಎಂದು ಕೈಮುಗಿದ. ಮಗಳ ಕಡೆ ತಿರುಗಿ, ‘ಹತ್ತೇ ನಿಮಿಷ ಪುಟ್ಟಿ. ಹಿಡ್ಕೊಂಡಿರ್ತೀಯಾ?’ ಎಂದು ಕೇಳಿದ.

ಅವಳು ತುಟಿ ಬಿಗಿಹಿಡಿದು ತಲೆಯಾಡಿಸಿದಳು.

ಮಹಡಿಯ ಹಾಲಿನಲ್ಲಿ ಉದ್ದನೆಯ ಮೇಜು. ಮೇಜಿನ ಹಿಂದೆ ನಾಲ್ವರು. ನಡುವೆ ಅಧ್ಯಕ್ಷೆ, ನಿವೃತ್ತ ನ್ಯಾಯಾಧೀಶೆ. ಈ ಸಮಿತಿಗೆ ಮಧ್ಯಂತರ ಆದೇಶ ಹೊರಡಿಸುವ ಅಧಿಕಾರವೂ ಇತ್ತು. ಹನ್ನೊಂದು ಊರು ಸುತ್ತಿದರೂ ಅದನ್ನು ಪ್ರಯೋಗಿಸುವ ಸಂದರ್ಭ ಒದಗಿರಲಿಲ್ಲವೆಂದು ಅಧ್ಯಕ್ಷೆಗೆ ಒಳಗೊಳಗೇ ಕೊರಗಿತ್ತು.

‘ಇದೇನ್ರೀ ನಿಮ್ಮ ಮುಖ?’ ಎಂಬುದು ಆಕೆಯ ಮೊದಲ ಪ್ರಶ್ನೆ.

ತಕ್ಕಡಿಯವನಿಗೆ ಬರೆದು ತಂದಿದ್ದ ಭಾಷಣ ಮರೆತೇಹೋಯಿತು. ಆದರೆ ಮಗಳ ಮಾತು ನಾಲಗೆಗೆ ಬಂತು.

‘ಅಮ್ಮಾ, ನನ್ನ ಮಗಳಿಗೆ ಕೋರ್ಟು ಕೊಟ್ಟಿರೋದು ಅರ್ಧ ಅಪ್ಪನ್ನ ಮಾತ್ರ. ಅದಕ್ಕೇ ಅರ್ಧ ಮುಖ ತಂದಿದೀನಿ.’

ಒಬ್ಬ ಸದಸ್ಯರು ಕನ್ನಡಕ ಒರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಕ್ಷೌರಿಕನು, ‘ಕೆಲಸ ನಂದೇ’ ಎಂದು ಪಕ್ಕದವರಿಗೆ ಪಿಸುಗುಟ್ಟಿದ.

ಅಲ್ಲಿಂದ ಮಾತು ತಾನಾಗಿ ಹರಿಯಿತು. ‘ಗಂಡ ಹೆಂಡತಿ ಬೇರೆಯಾಗಬಹುದು ಅಮ್ಮ, ಅಪ್ಪ ಅಮ್ಮ ಬೇರೆಯಾಗೋಕಾಗಲ್ಲ. ಮಗುವಿಗೆ ಜ್ವರ ಬರೋದು ಬುಧವಾರ. ಹೆದರಿಕೆ ಆಗೋದು ಸೋಮವಾರ. ನನಗಿರೋದು ಶನಿವಾರ. ತಿಂಗಳಿಗೆ ನಾಲ್ಕು ಗಂಟೆ ಬರೋನು ಅಪ್ಪ ಅಲ್ಲ, ನೆಂಟ. ಅವಳ ಹಲ್ಲು ಒಂದೊಂದೇ ಬಿದ್ದುಹೋಗ್ತಿದೆ. ಒಂದು ಬಿದ್ದಿದ್ದನ್ನೂ ನಾನು ನೋಡಿಲ್ಲ. ಮಗಳ ಹಲ್ಲು ಬೀಳೋವಾಗ ಅಪ್ಪ ಎಲ್ಲಿದ್ದ ಅಂತ ಈ ಕಾನೂನನ್ನ ಯಾರಾದ್ರೂ ಕೇಳಿದೀರಾ?’ ಎಂದು ಅವನು ಕೈತಕ್ಕಡಿಯನ್ನು ಎತ್ತಿ ಹಿಡಿದ. ಒಂದು ತಟ್ಟೆಯಲ್ಲಿ ನೂರು ಗ್ರಾಮಿನ ಕಲ್ಲು, ಇನ್ನೊಂದರಲ್ಲಿ ಅಂಗಿಯ ಒಂದು ಗುಂಡಿ. ತಕ್ಕಡಿ ಗುಂಡಿಯ ಕಡೆ ಆಕಾಶಕ್ಕೆದ್ದು ಅಲ್ಲಿಯೇ ನಿಂತಿತು.

ಹತ್ತು ನಿಮಿಷ ಮುಗಿಯಿತು. ಗೋಡೆಯ ಗಡಿಯಾರ ನೋಡಿ ಅವನು ಇಳಿಯಲು ಹೊರಟ. ಆಗ ಅಧ್ಯಕ್ಷೆ, ‘ಕೂತ್ಕೊಳ್ಳಿ. ಇಷ್ಟು ದಿನಕ್ಕೆ ಒಬ್ಬರು ಅರ್ಥವಾಗೋ ಹಾಗೆ ಮಾತಾಡ್ತಿದೀರಿ. ಸಮಸ್ಯೆ ಸರಿ, ಪರಿಹಾರ ಏನು? ನಾವೀಗ ತಕ್ಷಣ ಏನು ಮಾಡಬೇಕು ಅಂತೀರಿ?’ ಎಂದರು.

ಇಲ್ಲಿ ಅವನು, ‘ನನ್ನ ಮಗಳನ್ನ ಅರ್ಧ ವಾರ ನನಗೆ ಕೊಡಿಸಿ’ ಎಂದಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಮನುಷ್ಯನನ್ನು ಅವನ ಕಸುಬು ಎಂಥ ಸಮಯದಲ್ಲಿಯೂ ಕೈಬಿಡುವುದಿಲ್ಲ.

‘ಅಮ್ಮಾ, ನಮ್ಮ ಕಸುಬಲ್ಲಿ ಒಂದು ಪದ್ಧತಿ ಇದೆ. ಒಂದು ತಕ್ಕಡಿ ಸುಳ್ಳು ಹೇಳುತ್ತೆ ಅಂತ ಅನುಮಾನ ಬಂತು ಅನ್ನಿ. ತನಿಖೆಯವರು ಏನ್ ಮಾಡ್ತಾರೆ? ತಂತಿ ಸುತ್ತಿ ಸೀಸದ ಮುದ್ರೆ ಒತ್ತಿ ಇಡ್ತಾರೆ. ಪರೀಕ್ಷೆ ಮುಗಿಯೋವರೆಗೆ ಅದರಲ್ಲಿ ಒಂದು ಸಾಸಿವೆ ಕಾಳೂ ತೂಗೋ ಹಾಗಿಲ್ಲ. ಕೋರ್ಟಿನ ತಕ್ಕಡಿಗೂ ಹಾಗೇ ಮಾಡಿ! ಇವರಿಗೊಂದು, ಅವರಿಗೊಂದು ಬಿಡಿಬಿಡಿಯಾಗಿ ತೂಗೋದು ಸಾಕು. ಎಲ್ಲರಿಗೂ ಸರಿಯಾದ ತೂಕ ಸಿಗೋವರೆಗೆ ಮುದ್ರೆ ಹಾಕಿಬಿಡಿ!’

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಕಿಟಕಿಯ ಗಾಜುಗಳು ನಡುಗಿದವು. ಅಧ್ಯಕ್ಷೆ ಎದ್ದು ನಿಂತರು. ‘ಹನ್ನೊಂದು ಊರಲ್ಲಿ ನಾವು ಕೇಳಿದ ಮೊದಲ ಪ್ರಾಯೋಗಿಕ ಸಲಹೆ ಇದು. ಬರ್ಕೊಳ್ಳಿ. ಮಧ್ಯಂತರ ಆದೇಶ. ಈ ನಿಮಿಷದಿಂದಲೇ!’

ಕಲಮು ಮಾಮ ಲೇಖನಿ ಹಿಡಿದು ಮುಂದೆ ನುಗ್ಗಿದರು. ನಿವೃತ್ತರಾದ ಮೇಲೆ ಅವರಿಗೆ ಇಂಥ ಸುದಿನ ಬಂದಿರಲಿಲ್ಲ. ಆದೇಶಕ್ಕೆ ಎಂಟು ಕಲಮುಗಳಾದವು. ಅದರಲ್ಲಿ ಮೂರು ಅವರ ಸ್ವಂತದವು. ಅವರು ಕರಡು ಹಿಡಿದು ಕೆಳಗೆ ಓಡಿದರು. ಮೇಲೆ ಸದಸ್ಯರು ಒಬ್ಬೊಬ್ಬರಾಗಿ ತಕ್ಕಡಿಯವನ ಕೈ ಕುಲುಕಿದರು. ಕ್ಷೌರಿಕನು ವಂದನಾರ್ಪಣೆ ಆರಂಭಿಸಿ, ತನ್ನ ಬಾಲ್ಯದಿಂದ ಹೊರಟು, ಯೌವನಕ್ಕೆ ಬರುವಷ್ಟರಲ್ಲಿ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ತಕ್ಕಡಿಯವನು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ‘ಪುಟ್ಟಿ, ಗೆದ್ದುಬಿಟ್ಟೆ ಕಣೇ! ಬಾ, ಈಗ ಹಲ್ಲು!’

ಸ್ಟೂಲಿನ ಮೇಲೆ ಕುಳಿತಿದ್ದ ಮಗಳು ಮೆಲ್ಲಗೆ ಬಾಯಿ ತೆರೆದಳು. ಹಲ್ಲಿನ ಜಾಗದಲ್ಲಿ ಒಂದು ಚಿಕ್ಕ ಕಿಟಕಿ.

‘ಬಿತ್ತು.’

‘ಯಾವಾಗ?’

‘ಮೇಲೆ ಎಲ್ಲರೂ ಚಪ್ಪಾಳೆ ಹೊಡೆದ್ರಲ್ಲ, ಆಗ. ನಾನು ಬೆಚ್ಚಿಬಿದ್ದೆ.’ ಅಪ್ಪನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು. ‘ಅಳಬೇಡ ಅಪ್ಪ. ಕಳೆದುಹೋಗಿಲ್ಲ. ಜೋಪಾನವಾಗಿ ಇಟ್ಟಿದೀನಿ. ಬೇರೆ ಏನೂ ಇರಲಿಲ್ಲ, ಅದಕ್ಕೇ ಇದರೊಳಗೆ ಹಾಕ್ದೆ.’

ಅವಳು ಕಂದು ಲಕೋಟೆಯನ್ನು ಚಾಚಿದಳು.

ನೋಟಿಸು ಜಾರಿಯಾದರೆ ಆಗಲಿ, ಹಲ್ಲು ಹಲ್ಲೇ. ತಕ್ಕಡಿಯವನು ಲಕೋಟೆಯನ್ನು ಕೈಗೆ ತೆಗೆದುಕೊಂಡ. ಬಾಯಿ ಬಿಡಿಸಿ ಅಂಗೈ ಮೇಲೆ ಒದರಿದ. ಒಂದು ಅಕ್ಕಿಕಾಳಿನಷ್ಟು ಹಲ್ಲು ಬಿತ್ತು. ಅದರ ಹಿಂದೆಯೇ ಮಡಿಸಿದ ಒಂದು ಕಾಗದ ಜಾರಿತು. ಕಣ್ಣು ತಾನಾಗಿ ಓದಿತು.

‘ಮಗುವಿನ ಹಿತಕ್ಕೆ ತಂದೆಯ ಒಡನಾಟವೂ ತಾಯಿಯದರಷ್ಟೇ ಅಗತ್ಯವೆಂದು ನನಗೆ ಮನವರಿಕೆಯಾಗಿರುವುದರಿಂದಲೂ, ನನ್ನ ಕೆಲಸದ ವೇಳೆ ಬದಲಾಗಿರುವುದರಿಂದಲೂ, ಇನ್ನು ಮುಂದೆ ವಾರದ ಮೊದಲ ಅರ್ಧ ಮಗು ತಂದೆಯ ಮನೆಯಲ್ಲಿ, ಉಳಿದರ್ಧ ನನ್ನ ಮನೆಯಲ್ಲಿ ಇರುವುದಕ್ಕೆ ನಾನು ಸ್ವಸಂತೋಷದಿಂದ ಒಪ್ಪಿರುತ್ತೇನೆ…’ ಕೆಳಗೆ ಆಕೆಯ ಸಹಿ. ಪಕ್ಕದಲ್ಲಿ ಅವನ ಸಹಿಗೆ ಖಾಲಿ ಜಾಗ.

ಎರಡನೆಯ ಬಾಗಿಲಿನಿಂದ ಆಕೆ ಮಗುವನ್ನು ಪಡೆಯಲು ಬಂದಳು. ಅವನು ಕಾಗದ ಹಿಡಿದು ನಿಂತಿದ್ದನ್ನು ನೋಡಿದಳು.

‘ಬೆಳಿಗ್ಗೆಯಿಂದ ಬಡ್ಕೋತಿದ್ದಿದ್ದು ಇದನ್ನೇ ಕಣ್ರೀ! ಇವತ್ತು ಕೋರ್ಟಿನ ಮೊಹರು ಹಾಕಿಸಿದ್ರೆ ನಾಳೆಯಿಂದಾನೇ ಶುರು.’

ಅವನು ಟೈಪಿಸ್ಟಳ ಮೇಜಿನ ಮೇಲಿದ್ದ ಲೇಖನಿಯನ್ನು ಎಳೆದುಕೊಂಡು ಸಹಿ ಮಾಡಿದ, ಗಡಿಬಿಡಿಯಲ್ಲಿ ಎರಡು ಸಲ. ಇಬ್ಬರೂ ಗುಮಾಸ್ತೆಯ ಮುಂದೆ ಓಡಿದರು. ಎರಡು ವರ್ಷದಲ್ಲಿ ಅವರಿಬ್ಬರು ಒಂದೇ ದಿಕ್ಕಿಗೆ ಓಡಿದ್ದು ಅದೇ ಮೊದಲು.

ಗುಮಾಸ್ತೆ ಗೋಡೆಗೆ ಒಂದು ಹಾಳೆ ಅಂಟಿಸುತ್ತಿದ್ದ. ಅಂಟು ಇನ್ನೂ ಹಸಿಯಾಗಿತ್ತು.

‘ಮೊಹರಾ? ಎರಡು ನಿಮಿಷ ಮುಂಚೆ ಬಂದಿದ್ರೆ ಹಾಕ್ತಿದ್ದೆ. ಈಗ ನೋಡಿ, ಮೇಲಿಂದ ಆದೇಶ. ಹೊಸ ಕಾನೂನು ಬರೋ ತನಕ ಮಕ್ಕಳ ವಿಷಯದಲ್ಲಿ ಯಾವ ಹೊಸ ಏರ್ಪಾಡೂ ಇಲ್ಲ. ಎಲ್ಲಾ ಇದ್ದದ್ದು ಇದ್ದ ಹಾಗೇ. ಸೀಸದ ಮುದ್ರೆ ಅಂತೆ, ಯಾರೋ ಪುಣ್ಯಾತ್ಮ ಸಲಹೆ ಕೊಟ್ಟನಂತೆ.’

‘ಹೊಸ ಕಾನೂನು ಯಾವಾಗ ಬರುತ್ತೆ?’ ಎಂದು ಆಕೆ ಕೇಳಿದಳು.

‘ಸಮಿತಿ ತಿಂಗಳಿಗೊಂದು ಊರು ನೋಡುತ್ತಮ್ಮ. ಇನ್ನು ತೊಂಬತ್ತಾರು ಊರಿದೆ. ಆಮೇಲೆ ವರದಿ ಬರೀತಾರೆ.’

ತಕ್ಕಡಿಯವನು ಮಗಳ ಕಡೆ ನೋಡಿ ಮನಸ್ಸಿನಲ್ಲಿಯೇ ಕೂಡಿಸಿದ. ಎಂಟಕ್ಕೆ ಎಂಟು, ಹದಿನಾರು.

‘ಮೊಹರು ಬೇಡ ಬಿಡಿ ಸ್ವಾಮಿ. ನಾವಿಬ್ಬರೂ ಬಾಯಿಮಾತಲ್ಲೇ ಒಪ್ಕೋತೀವಿ. ಸಾಕಲ್ಲ?’

ಆಗ ಅವನ ಹೆಗಲ ಮೇಲೆ ಕಲಮು ಮಾಮನ ಕೈ ಬಿತ್ತು. ಮುಖದಲ್ಲಿ ಧನ್ಯತೆ ತುಳುಕುತ್ತಿತ್ತು. ‘ಅದಕ್ಕೂ ದಾರಿ ಬಿಟ್ಟಿಲ್ಲ ಕಣಯ್ಯ! ಏಳನೇ ಕಲಮು ನೋಡು, ನಾನೇ ಸೇರಿಸಿದ್ದು. ಬಾಯಿಮಾತಿನ ಏರ್ಪಾಡೂ ಏರ್ಪಾಡೇ. ಮೀರಿದವರಿಗೆ ಈಗಿರೋ ಹಕ್ಕೂ ರದ್ದು. ಹ್ಯಾಗಿದೆ?’

ಗುಮಾಸ್ತೆ ಪುಸ್ತಕ ತೆರೆದ. ‘ಹನ್ನೆರಡಾಯ್ತು. ಮಗು, ಒಂದು. ಹಲ್ಲು?’

ತಕ್ಕಡಿಯವನು ಮುಷ್ಟಿ ಬಿಚ್ಚಲಿಲ್ಲ. ಆಕೆ ಅದನ್ನು ನೋಡಿದಳು. ‘ಅದು ಅವರ ಹತ್ರಾನೇ ಇರಲಿ ಬಿಡಿ’ ಎಂದಳು ಮೆತ್ತಗೆ.

‘ಇರಬಹುದಿತ್ತಮ್ಮ. ಆದ್ರೆ ಇದುವರೆಗಿನ ಹಲ್ಲೆಲ್ಲ ನಿಮ್ಮ ಹತ್ರಾನೇ ಅಲ್ವಾ ಇರೋದು? ಇದೊಂದು ಇವರ ಹತ್ರ ಉಳಿದ್ರೆ ಹೊಸ ಏರ್ಪಾಡಾಗುತ್ತೆ.’ ಗುಮಾಸ್ತೆ ಷರಾ ಬರೆದ: ‘ಹಲ್ಲು ಒಂದು, ಪ್ರತ್ಯೇಕವಾಗಿ ವಾಪಸು.’

ತಕ್ಕಡಿಯವನು ಹಲ್ಲನ್ನು ಕೈತಕ್ಕಡಿಯ ತಟ್ಟೆಯಲ್ಲಿಟ್ಟು ಒಂದು ಸಲ ನೋಡಿದ. ಮುಳ್ಳು ಒಂದಿಷ್ಟೂ ಕದಲಲಿಲ್ಲ. ಆಮೇಲೆ ಅದನ್ನು ಲಕೋಟೆಗೆ ಹಾಕಿ ಮಗಳ ಚೀಲದಲ್ಲಿಟ್ಟ.

‘ಅಪ್ಪ,’ ಬಾಗಿಲಲ್ಲಿ ಅವಳು ತಿರುಗಿ ನಿಂತಳು. ‘ಇನ್ನೂ ಎಂಟು ಹಲ್ಲಿದೆ. ಎಲ್ಲಾ ಶನಿವಾರಾನೇ ಬೀಳೋ ಹಾಗೆ ನೋಡ್ಕೋತೀನಿ. ನೀನು ಮಾತ್ರ ಮಹಡಿಗೆ ಹೋಗಬೇಡ.’

ಅಷ್ಟರಲ್ಲಿ ಹಾಲಿನ ಜನವೆಲ್ಲ ಕೆಳಗಿಳಿದು ತಕ್ಕಡಿಯವನನ್ನು ಹೆಗಲ ಮೇಲೆ ಎತ್ತಿಕೊಂಡರು. ಬೀದಿಗೆ ಬಂದ ಮೇಲೆ ಅವನು ಕ್ಷೌರಿಕನನ್ನು ಬೇಡಿಕೊಂಡ. ‘ನಡಿಯಪ್ಪ, ಈ ಇನ್ನೊಂದು ಕೆನ್ನೆನಾದ್ರೂ ಮುಗಿಸು.’

‘ಛೆ ಛೆ!’ ಎಂದು ಕಲಮು ಮಾಮ ಅಡ್ಡ ಬಂದರು. ‘ಆ ಮುಖ ನೋಡೇ ಆದೇಶ ಆಗಿರೋದು. ವರದಿ ಬರೋ ತನಕ ಅದೂ ಇದ್ದ ಹಾಗೇ ಇರಬೇಕು!’

ಇಲ್ಲಿಗೆ ಟೈಪಿಸ್ಟಳು ಕತೆ ನಿಲ್ಲಿಸಿ ಯಂತ್ರಕ್ಕೆ ಹೊದಿಕೆ ಹಾಕಿದಳು. ಕೇಳುತ್ತಿದ್ದವರಲ್ಲಿ ಒಬ್ಬ ಹೆಂಗಸು, ‘ಆ ಲಕೋಟೆಯಲ್ಲಿ ಏನಿದೆ ಅಂತ ಬೆಳಿಗ್ಗೆ ಇಬ್ಬರಿಗೆ ಗೊತ್ತಿತ್ತು ಅಂದ್ರಲ್ಲ. ಒಬ್ಬಳು ತಾಯಿ. ಇನ್ನೊಬ್ಬರು ಯಾರು?’ ಎಂದು ಕೇಳಿದಳು.

‘ನಾನೇ ಕಣಮ್ಮ. ಹಿಂದಿನ ದಿನ ಒಪ್ಪಂದ ಟೈಪು ಮಾಡಿದ್ದೂ ನಾನೇ. ಅವತ್ತು ಕಲಮು ಮಾಮ ತಂದ ಆದೇಶ ಟೈಪು ಮಾಡಿದ್ದೂ ನಾನೇ, ಆ ಮಗು ಪಕ್ಕದಲ್ಲೇ ಕೂತಿತ್ತು.’

‘ಅಯ್ಯೋ! ಒಂದು ಮಾತು ಹೇಳಬಾರದಿತ್ತಾ?’

‘ಒಬ್ಬರ ಕಾಗದದ ವಿಷಯ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲಮ್ಮ, ನಮ್ಮ ಕಸುಬಿನ ಪದ್ಧತಿ’ ಎಂದಳು ಅವಳು. ಯಂತ್ರದ ಹೊದಿಕೆಯನ್ನು ಸರಿಮಾಡಿ, ‘ಏಳನೇ ಕಲಮು ಟೈಪು ಮಾಡೋವಾಗ ಎರಡು ಸಲ ತಪ್ಪು ಹೊಡೆದು ತಡಮಾಡಿದೆ. ಅಷ್ಟೇ ನನ್ನ ಕೈಲಾಗಿದ್ದು’ ಎಂದಳು.

ಜವಾನ ಬಂದು ತಾರೀಕಿನ ಚೀಟಿಗಳನ್ನು ಹಂಚಿದ. ಏಳು ಮಂದಿಯೂ ಮೈಮುರಿದು ಎದ್ದರು. ಕತೆ ಮುಗಿಯುವ ತನಕ ಬೆಂಚಿನ ಈ ತುದಿಯಲ್ಲಿ ಒಬ್ಬ ಗಂಡನೂ ಆ ತುದಿಯಲ್ಲಿ ಅವನ ಹೆಂಡತಿಯೂ ಮುಖ ತಿರುಗಿಸಿಕೊಂಡು ಕುಳಿತಿದ್ದರು. ಜಗಲಿಯಿಂದ ಬೀದಿಗೆ ಇಳಿಯಲು ಇದ್ದದ್ದು ಒಂದೇ ಮೆಟ್ಟಿಲು. ಅಲ್ಲಿ ಇಬ್ಬರೂ ಒಟ್ಟಿಗೆ ಬಂದು ನಿಂತರು. ಗಂಡ ಜೇಬಿನಲ್ಲಿ ಕೈಯಿಟ್ಟು, ಮಡಿಸಿಟ್ಟಿದ್ದ, ಇನ್ನೂ ಒಡೆಯದ ಒಂದು ಲಕೋಟೆಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಎಲ್ಲರೂ ಮನೆಗೆ ಹೋದರು.